‘ಅಂತ್ರಿ’ ಕತ್ತರಿಸಿದರೆ ಏನಾಗುತ್ತದೆ: ಸಾಕ್ಷ್ಯಚಿತ್ರ, ಸಂಕಲನ, ಸತ್ಯ

(ಧಾರವಾಡದಲ್ಲಿ ಸಾಕ್ಷ್ಯಚಿತ್ರ ಮಾಡಲು ಹೊರಟ ಯುವಕ ಯುವತಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಸೋಮವಾರ ಮತ್ತು ಗುರುವಾರ ಅಲ್ಲಿ ವ್ಯಾಪಾರ ಜೋರು. ಇವತ್ತಿನ ಮಾತಿಗೆಲ್ಲ ಆ ಅಂಗಳವನ್ನೇ ಇಟ್ಟುಕೊಳ್ಳೋಣ. ನೀವು ಮೂರು ಜನ ಹೋಗಿದ್ದೀರಿ. ಕೈಯಲ್ಲಿ ಒಂದು ಕ್ಯಾಮೆರಾ, ಎರಡು ಲೆನ್ಸ್, ಒಂದು ಕಾಲರ್ ಮೈಕ್. ಮೂವತ್ತು ನಿಮಿಷದ ಚಿತ್ರ ಆಗಬೇಕು. ಸುಗ್ಗಿ, ಆವಕ ಏರಿದೆ. ಹೇಳಿ, ಟ್ರೈಪಾಡ್ ಎಲ್ಲಿ ಊರುತ್ತೀರಿ?

ದಲಾಲರ ಅಂಗಡಿಯ ಕಟ್ಟೆಯ ಮೇಲೆ ಊರಿದರೆ ರಾಶಿಗಳು ಕೆಳಗೆ ಕಾಣುತ್ತವೆ, ರೈತ ತಲೆ ಎತ್ತಿ ಮಾತಾಡುತ್ತಾನೆ. ರೈತನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹಿಡಿದರೆ ಖರೀದಿದಾರರ ಕಾಲು ಮೊದಲು ಕಾಣುತ್ತದೆ, ಮುಖ ಆಮೇಲೆ. ಊರೊಳಗೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಶೆಡ್ಡಿಗೆ ಹೋದಿರೋ, ಈ ಪೇಟೆಯ ಚಿತ್ರದಲ್ಲಿ ದರದ ಮಾತೇ ಬರದೆ ಹೋಗಬಹುದು. ಬರುವುದು ಕೂಲಿಯ ಮಾತು, ಕೆಮ್ಮಿನ ಮಾತು. ಮೂರೂ ನಿಜ. ಆದರೆ ಒಂದು ಕಡೆ ನಿಂತ ಹೊತ್ತಿನಲ್ಲಿ ಉಳಿದೆರಡು ಕಡೆ ನೀವು ಇರಲಿಲ್ಲ. ಚಿತ್ರಕಾರನ ದೃಷ್ಟಿಕೋನ ಅಂತ ಪುಸ್ತಕದಲ್ಲಿ ದೊಡ್ಡ ಶಬ್ದ ಬರುತ್ತದಲ್ಲ, ಅದು ಶುರುವಾಗುವುದು ಟ್ರೈಪಾಡಿನ ಮೂರು ಕಾಲಿನಿಂದ.

ಆಮೇಲೆ ಲೆನ್ಸು. 24 ಎಂಎಂನ ಅಗಲ ಲೆನ್ಸ್ ಹಾಕಿ ಹತ್ತಿರ ಹೋದರೆ ರಾಶಿಗೂ ರಾಶಿಗೂ ನಡುವೆ ಮಾರುಗಟ್ಟಲೆ ಜಾಗ ಬಿದ್ದಂತೆ ಕಾಣುತ್ತದೆ, ಪೇಟೆ ಖಾಲಿ ಅನಿಸುತ್ತದೆ. ಅದೇ ಹೊತ್ತಿನಲ್ಲಿ ಹಿಂದೆ ಸರಿದು 200 ಎಂಎಂನ ಉದ್ದ ಲೆನ್ಸ್ ಹಾಕಿದರೆ ಮಂದಿ ಒಬ್ಬರ ಮೇಲೊಬ್ಬರು ಬಿದ್ದಂತೆ, ಕೆಂಪು ಗೋಡೆ ಕಟ್ಟಿದಂತೆ. ನಂಬಿಕೆ ಬರದಿದ್ದರೆ ಹುಬ್ಬಳ್ಳಿ ನಿಲ್ದಾಣಕ್ಕೆ ಹೋಗಿ ನೋಡಿ. 1,507 ಮೀಟರಿನ ಪ್ಲಾಟ್‌ಫಾರ್ಮ್ ಅದು. ಒಂದು ತುದಿಯಿಂದ ಉದ್ದ ಲೆನ್ಸಿನಲ್ಲಿ ಹಿಡಿದರೆ ಸಣ್ಣ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಷ್ಟೇ ಕಾಣುತ್ತದೆ. ಪ್ರತಿಭಟನೆಯ ಸುದ್ದಿಯಲ್ಲಿ ಐವತ್ತು ಜನ ಐನೂರಾಗುವುದು, ಐನೂರು ಜನ ಐವತ್ತಾಗುವುದು ಎರಡೂ ಹೀಗೇ. ಒಂದು ಚಿತ್ರದಲ್ಲಿ ಜನಸಂದಣಿಯನ್ನು ಬರೀ ಉದ್ದ ಲೆನ್ಸಿನಲ್ಲಿ ತೋರಿಸಿದ್ದರೆ, ಒಂದೇ ಒಂದು ಅಗಲದ ಶಾಟ್ ಇಲ್ಲದಿದ್ದರೆ, ನೋಡುವವರಾಗಿ ಅನುಮಾನ ಪಡಿ. ಮಾಡುವವರಾದರೆ ಆ ಅಗಲದ ಶಾಟನ್ನು ಮೊದಲು ತೆಗೆದುಕೊಂಡುಬಿಡಿ.

ಇದೇನು ಇತ್ತೀಚಿನ ಕಾಯಿಲೆ ಅಂದುಕೊಳ್ಳಬೇಡಿ. 1895ರಲ್ಲಿ ಲುಮಿಯೇರ್ ಸಹೋದರರು ಲಿಯಾನಿನ ತಮ್ಮದೇ ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವ ದೃಶ್ಯ ಹಿಡಿದರು. ಒಂದು ನಿಮಿಷವೂ ಇಲ್ಲ. ಅದರ ಮೂರು ಆವೃತ್ತಿಗಳು ಉಳಿದಿವೆ: ಒಂದರಲ್ಲಿ ಗಾಡಿಗೆ ಒಂದು ಕುದುರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಅಂದರೆ ಸಿನಿಮಾ ಹುಟ್ಟಿದ ಹೊತ್ತಿನಿಂದಲೇ ವಾಸ್ತವಕ್ಕೆ ಎರಡನೇ ಟೇಕ್, ಮೂರನೇ ಟೇಕ್ ಇತ್ತು!

ಈಗ ಎಲ್ಲರೂ ಎತ್ತುವ ಹೆಸರಿಗೆ ಬರೋಣ, ರಾಬರ್ಟ್ ಫ್ಲಾಹರ್ಟಿ. ಕೆನಡಾದ ಹಡ್ಸನ್ ಕೊಲ್ಲಿಯ ಇನ್ಯುಯಿಟ್ ಜನರ ಬದುಕಿನ ಮೇಲೆ 1922ರಲ್ಲಿ ಅವನ ‘ನಾನೂಕ್ ಆಫ್ ದ ನಾರ್ತ್’ ಬಂತು. ದುಡ್ಡು ಹಾಕಿದ್ದು ರೆವಿಲ್ಲನ್ ಫ್ರೇರ್ ಅನ್ನುವ ತುಪ್ಪಳದ ವ್ಯಾಪಾರಿಗಳು. ನಾಯಕನ ನಿಜವಾದ ಹೆಸರು ನಾನೂಕ್ ಅಲ್ಲವೇ ಅಲ್ಲ, ಅಲ್ಲಕಾರಿಯಲ್ಲಕ್. ಚಿತ್ರದಲ್ಲಿ ಅವನ ಹೆಂಡತಿಯಾಗಿ ಕಾಣುವವಳು ಅವನ ಹೆಂಡತಿಯಲ್ಲ. ಗ್ರಾಮೋಫೋನ್ ತಟ್ಟೆಯನ್ನು ಬೆರಗಿನಿಂದ ಕಚ್ಚಿ ನೋಡುತ್ತಾನಲ್ಲ, ಅದು ಏನೆಂದು ಅವನಿಗೆ ಮೊದಲೇ ಗೊತ್ತಿತ್ತು. ಹಿಮದ ಮನೆಯೊಳಗೆ ಬೆಳಕು ಸಾಲದು, ಆ ಕಾಲದ ಕ್ಯಾಮೆರಾಕ್ಕೆ ಒಳಗೆ ಜಾಗವೂ ಸಾಲದು. ಹಾಗಾಗಿ ದೊಡ್ಡದಾಗಿ ಕಟ್ಟಿಸಿ, ಒಂದು ಬದಿ ತೆರೆದಿಟ್ಟು, ಆ ಕೊರೆಯುವ ಚಳಿಯಲ್ಲಿ ಅವರನ್ನು ಮಲಗುವಂತೆ ಏಳುವಂತೆ ಮಾಡಿ ಚಿತ್ರಿಸಿದ. ಬೇಟೆಗೆ ಆಗಲೇ ಬಂದೂಕು ಬಳಸುತ್ತಿದ್ದ ಜನರ ಕೈಗೆ ಈಟಿ ಕೊಟ್ಟ.

ಇಷ್ಟು ಹೇಳಿ ಅನೇಕರು ‘ನೋಡಿ, ಮೊದಲ ದೊಡ್ಡ ಸಾಕ್ಷ್ಯಚಿತ್ರವೇ ಸುಳ್ಳು’ ಅಂತ ಮುಗಿಸುತ್ತಾರೆ. ನನಗೆ ಅದು ಸೋಮಾರಿತನದ ತೀರ್ಪು ಅನಿಸುತ್ತದೆ. ಮನೆಯ ಗೋಡೆ ಕತ್ತರಿಸಿದ್ದಕ್ಕೂ ಬಂದೂಕು ಬಿಡಿಸಿ ಈಟಿ ಹಿಡಿಸಿದ್ದಕ್ಕೂ ದೊಡ್ಡ ವ್ಯತ್ಯಾಸ ಇದೆ. ಗೋಡೆ ಕತ್ತರಿಸದಿದ್ದರೂ ಆ ಜನ ಹಾಗೇ ಮಲಗುತ್ತಿದ್ದರು. ನೋಡುಗನಿಗೆ ಸಿಕ್ಕ ತಿಳಿವಳಿಕೆ ಕೆಡಲಿಲ್ಲ. ಈಟಿಯಿಂದ ಮಾತ್ರ ಕೆಟ್ಟಿತು. 1920ರ ಮನುಷ್ಯನನ್ನು ಅವನ ಅಜ್ಜನ ಕಾಲಕ್ಕೆ ತಳ್ಳಿ, ‘ಇವರು ಇಂದಿಗೂ ಹೀಗೇ’ ಅಂತ ಪ್ಯಾರಿಸ್, ನ್ಯೂಯಾರ್ಕಿನ ಪ್ರೇಕ್ಷಕರಿಗೆ ನಂಬಿಸಿದಂತಾಯಿತು. ನಮ್ಮ ಕಡೆಯ ಚಿತ್ರಗಳಲ್ಲಿ ಇದು ದಿನಾ ನಡೆಯುತ್ತದೆ. ಟ್ರ್ಯಾಕ್ಟರ್ ಇಟ್ಟ ರೈತನಿಗೆ ‘ಸ್ವಲ್ಪ ಎತ್ತು ಹೂಡ್ರಿ, ಚೆಂದ ಬರ್ತದ’ ಅನ್ನುತ್ತಾರೆ. ಪ್ಯಾಂಟು ಹಾಕಿದ ಯುವ ರೈತನಿಗೆ ಧೋತರ ಉಡಿಸುತ್ತಾರೆ. ಚೆಂದ ಬರುತ್ತದೆ, ನಿಜ. ಆದರೆ ಡೀಸೆಲ್ ದರ, ಟ್ರ್ಯಾಕ್ಟರಿನ ಸಾಲದ ಕಂತು ಆ ಚಿತ್ರದಿಂದ ಆ ಕ್ಷಣವೇ ಹೊರಬಿದ್ದವು. ಇವತ್ತಿನ ಬೇಸಾಯದ ಕಷ್ಟದ ಅರ್ಧ ಅದೇ.

ಹೋಲಿಕೆಗೆ 1936ರ ಬ್ರಿಟಿಷ್ ಚಿತ್ರ ‘ನೈಟ್ ಮೇಲ್’ ನೋಡಿ. ರಾತ್ರಿ ಓಡುವ ಅಂಚೆ ರೈಲಿನೊಳಗೆ ಕಾಗದ ವಿಂಗಡಿಸುವ ದೃಶ್ಯವನ್ನು ಸ್ಟುಡಿಯೋದಲ್ಲಿ ಡಬ್ಬಿಯ ಸೆಟ್ ಹಾಕಿ ತೆಗೆದರು. ಕೆಲಸ ಮಾಡಿದವರು ನಿಜವಾದ ಅಂಚೆ ನೌಕರರೇ. ರೈಲು ಓಡುತ್ತಿರುವಂತೆ ಮೈ ತೂಗಾಡಿಸಿರಿ ಅಂದರು, ತೂಗಾಡಿಸಿದರು. ಅದು ನನಗೆ ಸುಳ್ಳು ಅನಿಸುವುದಿಲ್ಲ. ಆ ನೌಕರರು ದಿನಾ ರಾತ್ರಿ ಅದನ್ನೇ ಮಾಡುತ್ತಿದ್ದರು. ಇನ್ನೊಂದು ತುದಿಗೆ 1958ರ ಡಿಸ್ನಿ ಚಿತ್ರ ‘ವೈಟ್ ವೈಲ್ಡರ್‌ನೆಸ್’. ಲೆಮ್ಮಿಂಗ್ ಅನ್ನುವ ಇಲಿಯಂಥ ಪ್ರಾಣಿಗಳು ಗುಂಪುಗುಂಪಾಗಿ ಬಂಡೆಯಿಂದ ಹಾರಿ ಸಾಯುತ್ತವೆ ಅಂತ ತೋರಿಸಿತು. ಪ್ರಾಣಿಗಳನ್ನು ಬೇರೆಡೆಯಿಂದ ಕೊಂಡು ತಂದು, ತಿರುಗುವ ತಟ್ಟೆಯ ಮೇಲೆ ಓಡಿಸಿ, ಕೊನೆಗೆ ನೀರಿಗೆ ತಳ್ಳಿ ತೆಗೆದ ದೃಶ್ಯ ಅದು. ಆಸ್ಕರ್ ಸಿಕ್ಕಿತು. ಅಂಥ ನಡವಳಿಕೆಯೇ ಆ ಪ್ರಾಣಿಗೆ ಇಲ್ಲ. ಆದರೂ ಲೆಮ್ಮಿಂಗಿನ ಆತ್ಮಹತ್ಯೆ ಇವತ್ತಿಗೂ ಜನರ ಬಾಯಲ್ಲಿದೆ.

ಇಷ್ಟು ಹೊತ್ತು ಚಿತ್ರಿಸುವ ಮಾತಾಯಿತು. ನಿಜವಾದ ಅಪಾಯದ ಜಾಗ ಸಂಕಲನದ ಮೇಜು.

ಲೆಕ್ಕ ನೋಡ್ರಿ. ರೀಲಿನ ಕಾಲದಲ್ಲಿ ಫಿಲ್ಮ್ ತುಟ್ಟಿ. ಒಂದು ನಿಮಿಷದ ಚಿತ್ರಕ್ಕೆ ಹತ್ತು ನಿಮಿಷ ತೆಗೆಯುವುದೂ ದುಂದು ಅನಿಸುತ್ತಿತ್ತು. ಈಗ ಕಾರ್ಡು ಅಗ್ಗ. ನೀವು ಬ್ಯಾಡಗಿಯಲ್ಲಿ ಎಂಟು ದಿನ ತಿರುಗಿದರೆ ಮೂವತ್ತು ತಾಸಿನ ಫುಟೇಜ್ ಸಹಜವಾಗಿ ಆಗುತ್ತದೆ. ಅರ್ಧ ತಾಸಿನ ಚಿತ್ರಕ್ಕೆ ಅದು ಅರವತ್ತಕ್ಕೆ ಒಂದು. ಅರವತ್ತು ನಿಮಿಷದಲ್ಲಿ ಐವತ್ತೊಂಬತ್ತು ನಿಮಿಷ ಹೊರಗೆ. ಮುಖ್ಯವಾದದ್ದನ್ನು ಇಟ್ಟುಕೊಳ್ಳುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ಯಾವ ಚಿತ್ರಕ್ಕೆ ಮುಖ್ಯ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಒಬ್ಬ ರೈತ ರಾಶಿಯ ಪಕ್ಕ ಕೂತು ನಿಮ್ಮೊಡನೆ ಮಾತಾಡುತ್ತಾನೆ ಅಂತ ಇಟ್ಟುಕೊಳ್ಳಿ. ಇದು ಉದಾಹರಣೆಗಾಗಿ ಕಟ್ಟಿದ ಮಾತು, ಆದರೆ ಪೇಟೆಯಲ್ಲಿ ಕಿವಿಗೆ ಬೀಳುವಂಥದ್ದೇ:

“ಈ ಸಲ ರೇಟ್ ಬಿದ್ದಾವ್ರಿ. ಸುಳ್ಳ ಯಾಕ ಹೇಳ್ಲಿ, ಕೊಯ್ಲಿನ್ಯಾಗ ಮಳಿ ಆತು, ಕಾಯಿ ಹಸಿ ಇತ್ತು, ನಾನೂ ಅವಸರ ಮಾಡಿ ತಂದೆ. ದಲಾಲರು ಮೋಸ ಮಾಡ್ತಾರ ಅಂತ ಮಂದಿ ಅಂತಾರ, ನಾ ಹಂಗ ಅನ್ನಂಗಿಲ್ಲ. ಅವರೂ ಬದುಕಬೇಕಲ್ರಿ. ಆದ್ರ ತೂಕದ ಹೊತ್ತಿನ್ಯಾಗ ನಾವು ಎದುರಿಗೆ ನಿಂತಿರಬೇಕು, ಇಲ್ಲಾಂದ್ರ ಲುಕ್ಸಾನ ನಮಗ.”

ಮೂವತ್ತು ಸೆಕೆಂಡಿನ ಮಾತು. ಚಿತ್ರದಲ್ಲಿ ಹನ್ನೆರಡು ಸೆಕೆಂಡಿಗಿಂತ ಹೆಚ್ಚು ಜಾಗವಿಲ್ಲ. ಈಗ ನೋಡಿ, ಮೊದಲ ಕಟ್: “ಈ ಸಲ ರೇಟ್ ಬಿದ್ದಾವ್ರಿ. ದಲಾಲರು ಮೋಸ ಮಾಡ್ತಾರ. ತೂಕದ ಹೊತ್ತಿನ್ಯಾಗ ನಾವು ಎದುರಿಗೆ ನಿಂತಿರಬೇಕು, ಇಲ್ಲಾಂದ್ರ ಲುಕ್ಸಾನ ನಮಗ.” ಎರಡನೇ ಕಟ್: “ಈ ಸಲ ರೇಟ್ ಬಿದ್ದಾವ್ರಿ. ಕಾಯಿ ಹಸಿ ಇತ್ತು, ನಾನೂ ಅವಸರ ಮಾಡಿ ತಂದೆ. ದಲಾಲರೂ ಬದುಕಬೇಕಲ್ರಿ.” ಎರಡನೆಯದರಲ್ಲಿ ‘ದಲಾಲರು’ ಅನ್ನುವುದನ್ನು ಹಿಂದಿನ ವಾಕ್ಯದಿಂದ ಕಿತ್ತು ‘ಅವರೂ’ ಇದ್ದ ಜಾಗಕ್ಕೆ ಕೂಡಿಸಬೇಕಾಯಿತು, ಕೊನೆಯ ‘ಊ’ಕಾರವನ್ನು ‘ಅವರೂ’ನಿಂದಲೇ ತಂದು ಹಚ್ಚಬೇಕು. ನುರಿತ ಸಂಕಲನಕಾರನಿಗೆ ಹತ್ತು ನಿಮಿಷದ ಕೆಲಸ. ಎರಡೂ ಕಟ್‌ಗಳಲ್ಲಿ ದನಿ ಅವನದೇ, ಶಬ್ದಗಳೂ ಅವನವೇ. ಒಂದರಲ್ಲಿ ದಲಾಲ ಖಳನಾಯಕ, ಇನ್ನೊಂದರಲ್ಲಿ ರೈತನೇ ತಪ್ಪಿತಸ್ಥ. ಕುಳಿತಿದ್ದ ಮನುಷ್ಯ ಎರಡೂ ಅಲ್ಲ. ಅವನು ‘ಆದ್ರ’ ಅಂದ ಮನುಷ್ಯ. ಕತ್ತರಿ ಮೊದಲು ನುಂಗುವುದೂ ಆ ‘ಆದ್ರ’ವನ್ನೇ.

ಇಲ್ಲಿ ಕನ್ನಡದ್ದೇ ಆದ ಒಂದು ಅಪಾಯ ಇದೆ, ವಿದೇಶಿ ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ‘ಜನ ಹೀಗೆ ಹೇಳುತ್ತಾರೆ’ ಅನ್ನುವುದು ವಾಕ್ಯದ ಮುಂದೆ ಬರುತ್ತದೆ. ನಮ್ಮಲ್ಲಿ ‘ಅಂತ’ ಹಿಂದೆ ಬರುತ್ತದೆ. ‘ಇಲ್ಲ’ವೂ ಕೊನೆಗೇ. ನಮ್ಮ ಭಾಷೆಯಲ್ಲಿ ಮಾತಿನ ಜವಾಬ್ದಾರಿ ಯಾರದು, ಹೌದೋ ಅಲ್ಲವೋ ಅನ್ನುವುದು ವಾಕ್ಯದ ಬಾಲದಲ್ಲಿ ಇರುತ್ತದೆ, ಮತ್ತು ಕತ್ತರಿ ಬೀಳುವುದು ಬಾಲಕ್ಕೇ. ಧಾರವಾಡದ ಮಾತಿನಲ್ಲಂತೂ ಕೇಳುವುದೇ ಬೇಡ. “ನಿನ್ನಿ ಗಲಾಟಿ ಆತಂತ್ರಿ” ಅಂದರೆ ಅವನು ನೋಡಿಲ್ಲ, ಯಾರೋ ಹೇಳಿದ್ದನ್ನು ಕೇಳಿದ್ದಾನೆ. ಆ ‘ಅಂತ್ರಿ’ ಹೇಳಲು ಅರ್ಧ ಸೆಕೆಂಡೂ ಬೇಡ. ಸೆಕೆಂಡಿಗೆ 25 ಫ್ರೇಮಿನ ಟೈಮ್‌ಲೈನಿನಲ್ಲಿ ಹತ್ತು ಹನ್ನೆರಡು ಫ್ರೇಮು. ಅದನ್ನು ತೆಗೆದರೆ “ನಿನ್ನಿ ಗಲಾಟಿ ಆತು”. ಗಾಳಿಮಾತು ಕೇಳಿದವನು ಪ್ರತ್ಯಕ್ಷ ಸಾಕ್ಷಿಯಾದ. ಬೇಕಂತ ಮಾಡುವವರು ಕಡಿಮೆ. ಹೆಚ್ಚಿನ ಸಲ ಬೇರೆ ಊರಿನ ಸಂಕಲನಕಾರ ಅದನ್ನು ಗೌರವದ ‘ರೀ’ ಅಂದುಕೊಂಡು ಬಿಟ್ಟುಬಿಡುತ್ತಾನೆ. ಪರಿಣಾಮ ಒಂದೇ.

ಇಂಥ ಕಟ್ ಹಿಡಿಯುವುದು ಹೇಗೆ? ಕಣ್ಣು ಮುಚ್ಚಿ ಕೇಳಿ. ವಾಕ್ಯ ನಿಜವಾಗಿ ಮುಗಿಯುವಾಗ ದನಿ ಇಳಿಯುತ್ತದೆ. ‘ಮೋಸ ಮಾಡ್ತಾರ ಅಂತ’ ಅನ್ನುವಾಗ ‘ಮಾಡ್ತಾರ’ದ ಮೇಲೆ ದನಿ ಇನ್ನೂ ಗಾಳಿಯಲ್ಲೇ ಇರುತ್ತದೆ, ಇಳಿದಿರುವುದಿಲ್ಲ. ಹಾಗೆ ತೂಗುಬಿದ್ದ ದನಿಯ ಮೇಲೆ ವಾಕ್ಯ ನಿಂತಿದ್ದರೆ ಅಲ್ಲಿ ಏನೋ ಹೋಗಿದೆ. ಎರಡನೆಯ ಗುರುತು, ಅದೇ ಹೊತ್ತಿಗೆ ತೆರೆಯ ಮೇಲೆ ಮುಖ ಮಾಯವಾಗಿ ಮೆಣಸಿನಕಾಯಿ ಆರಿಸುವ ಕೈ, ತಕ್ಕಡಿ, ಆಕಾಶದ ಹದ್ದು ಏನಾದರೂ ಬಂದಿರುತ್ತದೆ. ಕಟ್‌ಅವೇ ಅಂತ ಕರೆಯುವ ಶಾಟ್ ಅದು. ಮಾತು ಕತ್ತರಿಸಿದರೆ ಮುಖ ಜಿಗಿಯುತ್ತದೆ, ಆ ಜಿಗಿತ ಮುಚ್ಚಲು ಹಾಕುವ ತೇಪೆ. ಎಲ್ಲ ತೇಪೆಯೂ ಮೋಸವಲ್ಲ. ಕೆಮ್ಮು, ತೊದಲು ತೆಗೆಯಲೂ ಬೇಕಾಗುತ್ತದೆ. ಆದರೆ ಆರೋಪದ ಮಾತು ಬರುವ ಜಾಗದಲ್ಲೇ ತೇಪೆ ಇದ್ದರೆ, ಅಸಲು ಟೇಪು ಕೇಳದೆ ನಂಬಬೇಡಿ. ಮೂರನೆಯದು ಹಿನ್ನೆಲೆ ಸದ್ದು. ಮಾತಿನ ಹಿಂದೆ ಹಮಾಲರ ಕೂಗು ಇದ್ದದ್ದು ಥಟ್ಟನೆ ಫ್ಯಾನಿನ ಗುಂಯ್ ಆದರೆ ಎರಡು ಜಾಗದ ಮಾತು ಒಂದಾಗಿದೆ. ಇದನ್ನು ಮುಚ್ಚಲು ಪ್ರತಿ ಜಾಗದಲ್ಲೂ ಒಂದು ನಿಮಿಷ ಯಾರೂ ಮಾತಾಡದೆ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ನೀವೂ ಮಾಡಿಕೊಳ್ಳಿ, ಅಗತ್ಯದ ಕೆಲಸ. ಆದರೆ ಅದು ಎರಡು ಅಲಗಿನ ಚಾಕು ಅನ್ನುವುದು ನೆನಪಿರಲಿ.

ಮಾತಿನ ಒಳಗೆ ಕತ್ತರಿಸುವುದು ಒಂದು. ಘಟನೆಗಳ ಕ್ರಮ ತಿರುಗಿಸುವುದು ಇನ್ನೊಂದು. 2007ರಲ್ಲಿ ಬಿಬಿಸಿ ತನ್ನ ಒಂದು ಸಾಕ್ಷ್ಯಚಿತ್ರ ಸರಣಿಯ ಪ್ರಚಾರ ತುಣುಕನ್ನು ಪತ್ರಕರ್ತರಿಗೆ ತೋರಿಸಿತು. ಛಾಯಾಗ್ರಾಹಕಿ ಆನಿ ಲೀಬೊವಿಟ್ಜ್ ರಾಣಿ ಎಲಿಜಬೆತ್‌ಗೆ ಕಿರೀಟ ತೆಗೆಯಿರಿ ಅನ್ನುತ್ತಾಳೆ. ಮುಂದಿನ ಶಾಟಿನಲ್ಲಿ ರಾಣಿ ಗೊಣಗುತ್ತ ದಾಪುಗಾಲು ಹಾಕುತ್ತ ನಡೆಯುತ್ತಾಳೆ. ಸಿಟ್ಟಾಗಿ ಎದ್ದುಹೋದಳು ಅಂತ ಮಾರನೇ ದಿನ ಪತ್ರಿಕೆಗಳಲ್ಲಿ ಸುದ್ದಿ. ನಿಜವಾಗಿ ಆ ನಡಿಗೆ ಫೋಟೋ ತೆಗೆಸಿಕೊಳ್ಳಲು ಒಳಗೆ ಬರುವಾಗಿನದು. ಎರಡು ಶಾಟ್ ಅದಲು ಬದಲು, ಅಷ್ಟೇ. ಬಿಬಿಸಿ ಒನ್ ವಾಹಿನಿಯ ಮುಖ್ಯಸ್ಥ ಪೀಟರ್ ಫಿಂಚಮ್ ಅದೇ ಅಕ್ಟೋಬರಿನಲ್ಲಿ ರಾಜೀನಾಮೆ ಕೊಡಬೇಕಾಯಿತು. ಮೈಕೇಲ್ ಮೂರ್ 1989ರಲ್ಲಿ ಮಾಡಿದ ‘ರೋಜರ್ ಅಂಡ್ ಮಿ’ ಮೇಲೆ ಬಂದ ದೊಡ್ಡ ಟೀಕೆಯೂ ಇದೇ ಬಗೆಯದು: ಅಮೆರಿಕದ ಫ್ಲಿಂಟ್ ಊರಿನಲ್ಲಿ ಜನರಲ್ ಮೋಟರ್ಸ್ ಕಂಪನಿ ಕಾರ್ಖಾನೆ ಮುಚ್ಚಿದ್ದಕ್ಕೆ ಮೊದಲೇ ನಡೆದ ಸಂಗತಿಗಳು ಅದರ ನಂತರ ನಡೆದಂತೆ ಕಾಣುತ್ತವೆ. ಮೂರ್ ಹೇಳುವ ದೊಡ್ಡ ಮಾತು, ಕಂಪನಿ ಕೈಬಿಟ್ಟಾಗ ಊರು ಸೊರಗಿತು ಅನ್ನುವುದು, ಸುಳ್ಳೇನಲ್ಲ. ಅದಕ್ಕೇ ಈ ತಿರುಚುವಿಕೆ ಇನ್ನೂ ಬೇಸರ ತರಿಸುತ್ತದೆ. ಬೇಕಿರಲಿಲ್ಲ.

ನಮ್ಮ ಪೇಟೆಗೆ ತಂದು ನೋಡಿ. ದರದ ಪಟ್ಟಿಯ ಶಾಟ್, ತಕ್ಷಣ ತಲೆಯ ಮೇಲೆ ಕೈ ಹೊತ್ತ ರೈತ. ಪ್ರೇಕ್ಷಕ ಎರಡನ್ನೂ ತಾನೇ ಹೊಲಿದುಕೊಳ್ಳುತ್ತಾನೆ: ದರ ನೋಡಿ ತಲೆ ಮೇಲೆ ಕೈ ಹೊತ್ತ. ಆ ಕೈ ಮಧ್ಯಾಹ್ನದ ಬಿಸಿಲಿಗೆ ಅಡ್ಡ ಹಿಡಿದದ್ದಿರಬಹುದು. ನೂರು ವರ್ಷದ ಹಿಂದೆ ರಷ್ಯಾದ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಹೆಣ್ಣು ಇವುಗಳ ಪಕ್ಕ ಜೋಡಿಸಿ ತೋರಿಸಿದ, ನೋಡಿದವರಿಗೆ ಅದೇ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡವು ಅನ್ನುವ ಕತೆ ನಿಮಗೆ ಗೊತ್ತೇ ಇದೆ, ಅದನ್ನು ಬೆಳೆಸುವುದಿಲ್ಲ. ಪೇಟೆಯ ವಿಷಯದಲ್ಲಿ ಅದಕ್ಕಿಂತ ಸೂಕ್ಷ್ಮವಾದದ್ದು ದರದ ಪಟ್ಟಿ. ಬ್ಯಾಡಗಿಯಲ್ಲಿ ಒಂದೇ ದಿನ ಒಂದೇ ಅಂಗಳದಲ್ಲಿ ಡಬ್ಬಿ, ಕಡ್ಡಿ, ಗುಂಟೂರು ತಳಿಗೆ ಬೇರೆ ಬೇರೆ ದರ; ಅತಿ ಕಡಿಮೆಗೂ ಅತಿ ಹೆಚ್ಚಿಗೂ ಹಲವು ಪಟ್ಟು ಅಂತರ. ಎಪಿಎಂಸಿ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ ದರ) ಅಂತ ಮೂರು ಅಂಕಿ ಇರುತ್ತವೆ. ಸಂಭ್ರಮದ ಚಿತ್ರಕ್ಕೆ ಗರಿಷ್ಠ, ಗೋಳಿನ ಚಿತ್ರಕ್ಕೆ ಕನಿಷ್ಠ. ಎರಡೂ ಸರಕಾರಿ ಅಂಕಿ, ಎರಡರಿಂದಲೂ ದಾರಿ ತಪ್ಪುತ್ತದೆ. ತೆರೆಯ ಮೇಲೆ ಅಂಕಿ ಹಾಕುವುದಾದರೆ ಮಾದರಿ ದರ ಹಾಕಿ, ಜೊತೆಗೆ ಯಾವ ತಳಿ, ಯಾವ ದಿನ ಅಂತ ಬರೆಯಿರಿ.

ಬಣ್ಣದ ಮಾತು ಬಂದರೆ ಒಂದೇ ವಾಕ್ಯ: ಬ್ಯಾಡಗಿ ಕಾಯಿಯ ಹೆಸರೇ ಬಣ್ಣಕ್ಕೆ, ಖಾರಕ್ಕಲ್ಲ; ಚಿತ್ರದ ಬಣ್ಣ ತಿದ್ದುವ ಗ್ರೇಡಿಂಗಿನಲ್ಲಿ ಕೆಂಪು ಏರಿಸಿದರೆ ಹಳೆಯ ದಾಸ್ತಾನನ್ನು ಹೊಸ ಫಸಲು ಅಂತ ತೋರಿಸಿದಂತೆ, ವ್ಯಾಪಾರಿ ನೋಡಿದರೆ ನಗುತ್ತಾನೆ.

ಸದ್ದಿಗೆ ಬರೋಣ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಹತ್ತಿರ ಹೋದರೆ ಹಾರಿಹೋಗುತ್ತವೆ, ಹಾಗಾಗಿ ದೂರದಿಂದ 600 ಎಂಎಂ ಲೆನ್ಸಿನಲ್ಲಿ ಹಿಡಿಯುತ್ತೀರಿ. ಕಣ್ಣು ಹತ್ತಿರ ಹೋಯಿತು, ಮೈಕ್ ಹೋಗಲಿಲ್ಲ. ತೆರೆಯ ಮೇಲೆ ರೆಕ್ಕೆಯ ಪಟಪಟ ಇಷ್ಟು ಸ್ಪಷ್ಟ ಕೇಳಿದರೆ ಅದು ಸ್ಟುಡಿಯೋದಲ್ಲಿ ಯಾರೋ ಚರ್ಮದ ಕೈಗವಸು ಬಡಿದದ್ದಿರಬಹುದು. ಹಿಮದ ಮೇಲಿನ ಹೆಜ್ಜೆಗೆ ಜೋಳದ ಪಿಷ್ಟ ತುಂಬಿದ ಚೀಲ ಹಿಸುಕುತ್ತಾರೆ. ವನ್ಯಜೀವಿ ಚಿತ್ರಗಳಲ್ಲಿ ಇದು ಎಲ್ಲರೂ ಬಲ್ಲ ಪದ್ಧತಿ, ನನಗೆ ತಕರಾರಿಲ್ಲ. ತಕರಾರು ಇರುವುದು ಮನುಷ್ಯರ ದೃಶ್ಯಕ್ಕೆ ಅಂಟಿಸುವ ಸಂಗೀತದ ಬಗ್ಗೆ. ಹೆಣ್ಣುಮಗಳು ಸುಮ್ಮನೆ ತೊಟ್ಟು ಬಿಡಿಸುತ್ತ ಕೂತಿದ್ದಾಳೆ, ಪಿಟೀಲು ಅಳುತ್ತದೆ. ಅವಳು ಆ ಹೊತ್ತು ಪಕ್ಕದವಳ ಜೊತೆ ಸೊಸೆಯ ಸುದ್ದಿ ಹೇಳಿ ನಗುತ್ತಿದ್ದಿರಬಹುದು. ಮಾತಿನ ಟ್ರ್ಯಾಕ್ ತೆಗೆದು ಪಿಟೀಲು ಹಾಕಿದರೆ ಅವಳ ನಗುವೂ ಕಷ್ಟದ ನಗುವಾಗುತ್ತದೆ.

ನಿರೂಪಣೆಯ ದನಿಯ ಬಗ್ಗೆ ಫ್ರೆಂಚ್ ಚಿತ್ರಕಾರ ಕ್ರಿಸ್ ಮಾರ್ಕರ್ 1957ರಲ್ಲೇ ಒಂದು ಆಟ ಆಡಿ ತೋರಿಸಿದ. ಸೈಬೀರಿಯಾದ ಯಾಕುಟ್ಸ್ಕ್ ಊರಿನ ಒಂದು ರಸ್ತೆ: ಬಸ್ಸು, ಕಾರು, ದಾರಿ ಸಮ ಮಾಡುವ ಕೆಲಸಗಾರರು. ಅವೇ ಶಾಟ್‌ಗಳನ್ನು ಮೂರು ಸಲ ತೋರಿಸುತ್ತಾನೆ. ಒಂದು ಸಲ ಹೊಗಳುವ ನಿರೂಪಣೆ, ಇನ್ನೊಂದು ಸಲ ತೆಗಳುವುದು, ಮತ್ತೊಮ್ಮೆ ತಟಸ್ಥವಾದದ್ದು. ಚಿತ್ರ ಒಂದೇ, ಊರು ಮೂರು. ತಟಸ್ಥವಾದದ್ದೇ ಸತ್ಯ ಅಂತಲೂ ಅವನು ಬಿಡುವುದಿಲ್ಲ.

ನಮ್ಮಲ್ಲಿ ನಿರೂಪಣೆಯ ಜೊತೆಗೆ ಇನ್ನೊಂದು ಇದೆ, ಅಡಿಬರಹ (ಸಬ್‌ಟೈಟಲ್). ಉತ್ತರ ಕರ್ನಾಟಕದ ಮಾತಿಗೆ ಕನ್ನಡದಲ್ಲೇ ಅಡಿಬರಹ ಹಾಕುವ ಚಾಳಿ ಬಂದಿದೆ. ಮಾತಾಡುವವರೂ ಕನ್ನಡಿಗರು, ನೋಡುವವರೂ ಕನ್ನಡಿಗರು, ನಡುವೆ ಭಾಷಾಂತರ! ಸಾಹೇಬರಿಗೆ ಮಾತ್ರ ಅಡಿಬರಹ ಇಲ್ಲ, ರೈತನಿಗೆ ಇದೆ ಅಂದರೆ ಯಾರ ಮಾತು ಕನ್ನಡ, ಯಾರದು ಅಲ್ಲ ಅಂತ ಚಿತ್ರವೇ ತೀರ್ಮಾನ ಕೊಟ್ಟಂತಾಯಿತು. ಅದು ಸಾಲದೆಂಬಂತೆ ಅರ್ಥವೂ ಕೆಡುತ್ತದೆ. “ಭಾಳ ಛಲೋ ಮಾಡ್ಯಾರ ಬಿಡ್ರಿ” ಅಂತ ತುಟಿ ಕೊಂಕಿಸಿ ಹೇಳಿದ್ದು ಕೆಳಗೆ ‘ತುಂಬಾ ಒಳ್ಳೆಯ ಕೆಲಸ ಮಾಡಿದ್ದಾರೆ’ ಅಂತ ಬರುತ್ತದೆ. ಬೈದದ್ದು ಹೊಗಳಿಕೆಯಾಯಿತು. ಇಂಗ್ಲಿಷ್ ಅಡಿಬರಹದಲ್ಲಂತೂ ಮೊದಲು ಹೇಳಿದ ‘ಅಂತ್ರಿ’ ಶೇಷವಿಲ್ಲದೆ ಅಳಿಸಿಹೋಗುತ್ತದೆ. ಅಡಿಬರಹ ಬರೆಯುವವರ ಪಕ್ಕದಲ್ಲಿ ಆ ಊರಿನ ಒಬ್ಬರನ್ನು ಕೂರಿಸಿ. ಒಂದು ದಿನದ ಕೆಲಸ.

ನಿರೂಪಣೆ, ಸಂಗೀತ, ಸಂದರ್ಶನ ಏನೂ ಬೇಡ, ಸುಮ್ಮನೆ ನೋಡುತ್ತೇವೆ ಅನ್ನುವವರೂ ಇದ್ದಾರೆ. ಅಮೆರಿಕದ ಫ್ರೆಡರಿಕ್ ವೈಸ್‌ಮನ್ ಹಾಗೇ ಮಾಡಿದವರು. ಕೆಲವು ವಾರ ಚಿತ್ರಿಸಿ, ಸುಮಾರು ವರ್ಷ ಕೂತು ಸಂಕಲನ ಮಾಡುವುದು ಅವರ ರೀತಿಯಾಗಿತ್ತು. ಅದೂ ಕಟ್ಟಿದ್ದೇ ಅಂತ ಅವರೇ ಒಪ್ಪಿದ್ದರು. ಈ ದಾರಿಗೆ ಒಂದು ಮಿತಿ ಇದೆ. ದನದ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾಡುವುದು ನೋಡಿದ್ದೀರಲ್ಲ. ಕ್ಯಾಮೆರಾಕ್ಕೆ ಟವೆಲ್ ಕಾಣುತ್ತದೆ, ಎರಡು ಮುಖ ಕಾಣುತ್ತವೆ. ವ್ಯಾಪಾರ ಕಾಣುವುದಿಲ್ಲ. ಎಷ್ಟು ತಾಳ್ಮೆಯಿಂದ ನೋಡಿದರೂ ಕಾಣುವುದಿಲ್ಲ. ಯಾರನ್ನಾದರೂ ಕೇಳಲೇಬೇಕು, ಕೇಳಿದ ಕೂಡಲೇ ನೀವು ಬರೀ ನೋಡುವವರಾಗಿ ಉಳಿಯುವುದಿಲ್ಲ.

ಹಳೆಯ ದೃಶ್ಯಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. 1980ರ ಜುಲೈ 21ರ ನರಗುಂದ ಬಂಡಾಯದ ಮೇಲೆ ನೀವು ಚಿತ್ರ ಮಾಡುತ್ತೀರಿ ಅನ್ನಿ. ಆ ದಿನದ ಚಲಿಸುವ ದೃಶ್ಯ ಕೈಗೆ ಸಿಗುವುದಿಲ್ಲ. ಮಹದಾಯಿ ಹೋರಾಟದ ಇತ್ತೀಚಿನ ಫುಟೇಜ್ ಕೈಯಲ್ಲಿದೆ. ಕಪ್ಪು ಬಿಳುಪು ಮಾಡಿ, ಮೇಲೊಂದು ಗೀರು ಹಾಕಿದರೆ 1980 ತಯಾರು. ಮಾಡಬೇಡಿ. ಪತ್ರಿಕೆಯ ತುಣುಕು, ಇಂದಿನ ಅದೇ ಬೀದಿ, ಕಂಡವರ ಮಾತು ಸಾಕು. ಮರುಸೃಷ್ಟಿ ಬೇಕೇ ಬೇಕು ಅಂದರೆ ಅದು ಮರುಸೃಷ್ಟಿ ಅಂತ ಕಾಣುವಂತೆ ಮಾಡಿ. ಎರೋಲ್ ಮಾರಿಸ್ 1988ರ ‘ದ ಥಿನ್ ಬ್ಲೂ ಲೈನ್’ ಚಿತ್ರದಲ್ಲಿ ಡಲ್ಲಾಸಿನ ಪೊಲೀಸ್ ಅಧಿಕಾರಿಯ ಕೊಲೆಯನ್ನು ಮತ್ತೆ ಮತ್ತೆ ನಟಿಸಿ ತೋರಿಸುತ್ತಾನೆ, ಪ್ರತಿ ಸಲ ಒಬ್ಬೊಬ್ಬ ಸಾಕ್ಷಿ ಹೇಳಿದಂತೆ. ಸಾಕ್ಷಿಗಳ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ ಅನ್ನುವುದು ನೋಡುಗನ ಕಣ್ಣಿಗೇ ಹೊಡೆಯುತ್ತದೆ. ಸುಳ್ಳನ್ನು ಬಯಲು ಮಾಡಲು ಬಂದ ನಟನೆ ಅದು. ತಪ್ಪಾಗಿ ಶಿಕ್ಷೆಗೊಳಗಾಗಿದ್ದ ರ‍್ಯಾಂಡಲ್ ಆಡಮ್ಸ್ 1989ರಲ್ಲಿ ಬಿಡುಗಡೆಯಾದ. ಇತ್ತ 2021ರಲ್ಲಿ, ತೀರಿಕೊಂಡ ಅಮೆರಿಕದ ಬಾಣಸಿಗ, ಟಿವಿ ನಿರೂಪಕ ಆಂಥನಿ ಬೋರ್ಡೇನ್ ಮೇಲಿನ ಚಿತ್ರದಲ್ಲಿ ಅವನು ಬರೆದ ಕೆಲವು ಸಾಲುಗಳನ್ನು ಕೃತಕ ಬುದ್ಧಿಮತ್ತೆಯಿಂದ ಅವನದೇ ದನಿಯಲ್ಲಿ ಓದಿಸಿದರು. ಯಾವ ಸಾಲು ಅಂತ ಚಿತ್ರದೊಳಗೆ ಹೇಳಲಿಲ್ಲ. ಸಾಲುಗಳು ಅವನವೇ ಇದ್ದರೂ ಜನ ಸಿಟ್ಟಾದದ್ದು ಆ ಮುಚ್ಚುಮರೆಗೆ.

ಚಿತ್ರದಲ್ಲಿ ಕಾಣಿಸಿಕೊಂಡವರು ಏನನ್ನುತ್ತಾರೆ? ಬುಂದೇಲಖಂಡದ ‘ಖಬರ್ ಲಹರಿಯಾ’ ಪತ್ರಿಕೆಯ ಹೆಣ್ಣುಮಕ್ಕಳ ಮೇಲಿನ ‘ರೈಟಿಂಗ್ ವಿತ್ ಫೈರ್’ 2022ರಲ್ಲಿ ಆಸ್ಕರ್ ನಾಮನಿರ್ದೇಶನದವರೆಗೆ ಹೋಯಿತು. ಸಮಾರಂಭಕ್ಕೆ ಮುಂಚೆ ಆ ಪತ್ರಿಕೆಯವರೇ ಹೇಳಿಕೆ ಕೊಟ್ಟರು: ಚಿತ್ರ ಮನಮುಟ್ಟುವಂತಿದೆ, ಆದರೆ ನಾವು ಒಂದೇ ಪಕ್ಷದ ಸುದ್ದಿಯ ಮೇಲೆ ಕಣ್ಣಿಟ್ಟವರು ಅನ್ನುವಂತೆ ತೋರಿಸಿದೆ, ನಮ್ಮ ಕೆಲಸ ಅಷ್ಟೇ ಅಲ್ಲ. ಒಂದು ಶಾಟೂ ಸುಳ್ಳು ಅಂತ ಅವರು ಹೇಳಲಿಲ್ಲ. ಅರವತ್ತರಲ್ಲಿ ಐವತ್ತೊಂಬತ್ತು ನಿಮಿಷ ಹೊರಗೆ ಹೋದ ಲೆಕ್ಕ ನೆನಪು ಮಾಡಿಕೊಳ್ಳಿ.

ಈಗ ಕೆಲಸದ ಮಾತು. ಮೂವತ್ತು ತಾಸಿನ ಫುಟೇಜಿಗೆ ಮೊದಲು ಲಾಗ್ ಬರೆಯಿರಿ: ಟೈಮ್‌ಕೋಡ್, ದಿನಾಂಕ, ಜಾಗ, ಯಾರು, ಏನು. ಮಾತುಗಳನ್ನೆಲ್ಲ ಆಡಿದ ಹಾಗೆಯೇ ಬರೆದುಕೊಳ್ಳಿ, ‘ಅಂತ್ರಿ’, ‘ಆದ್ರ’ ಸಮೇತ; ಗ್ರಂಥದ ಕನ್ನಡಕ್ಕೆ ತಿದ್ದಬೇಡಿ. ಒಂದು ತಾಸಿನ ಮಾತು ಬರೆಯಲು ಆರು ತಾಸು ಹಿಡಿಯುತ್ತದೆ, ಅದಕ್ಕೇ ಬಹಳ ಮಂದಿ ತಪ್ಪಿಸಿಕೊಳ್ಳುತ್ತಾರೆ. ಕೇಳಿದ ಪ್ರಶ್ನೆಯನ್ನೂ ಬರೆಯಿರಿ. ಚಿತ್ರದಲ್ಲಿ ಪ್ರಶ್ನೆ ಇರುವುದಿಲ್ಲ, ಉತ್ತರ ಮಾತ್ರ. ಒಂದು ಪ್ರಶ್ನೆಗೆ ಕೊಟ್ಟ ಉತ್ತರ ಇನ್ನೊಂದರ ಕೆಳಗೆ ಹೋಗುವುದು ಇಲ್ಲೇ. ಉತ್ತರ ಮುಗಿದ ಮೇಲೆ ಐದಾರು ಸೆಕೆಂಡು ಸುಮ್ಮನಿರಿ. ‘ಆದ್ರ’ ಬರುವುದು ಆಗಲೇ.

ಆಮೇಲೆ ಒಂದು ಎದುರುಪಟ್ಟಿ ಮಾಡಿ. ನಿಮ್ಮ ಚಿತ್ರ ಹೇಳಹೊರಟ ಮಾತಿಗೆ ವಿರುದ್ಧವಾಗಿ ನಿಮ್ಮದೇ ಫುಟೇಜಿನಲ್ಲಿ ಏನೇನಿದೆ? ದಲಾಲರ ಮೇಲೆ ಚಿತ್ರ ಮಾಡುತ್ತಿದ್ದರೆ, ಬಿತ್ತನೆಗೆ ಮುಂಗಡ ಕೊಟ್ಟ ದಲಾಲನ ಮಾತು ಅದರಲ್ಲಿ ಬರಬೇಕು. ರಫ್ ಕಟ್, ಅಂದರೆ ಚಿತ್ರದ ಮೊದಲ ಕಚ್ಚಾ ಜೋಡಣೆ, ಆದಾಗ ಆ ಪಟ್ಟಿ ಎದುರಿಗಿಟ್ಟುಕೊಂಡು ನೋಡಿ. ಒಂದೂ ಚಿತ್ರದೊಳಗೆ ಉಳಿದಿಲ್ಲ ಅಂದರೆ ಆಯ್ಕೆ ಕೈಮೀರಿದೆ. ಎಲ್ಲವನ್ನೂ ತುರುಕಿ ತಕ್ಕಡಿ ಸಮ ಮಾಡಬೇಕಿಲ್ಲ. ಚಿತ್ರಕ್ಕೆ ನಿಲುವು ಇರಲಿ. ಅತ್ಯಂತ ಗಟ್ಟಿಯಾದ ಎದುರು ಮಾತು ಒಂದಾದರೂ ಒಳಗಿರಲಿ.

ರಫ್ ಕಟ್ಟನ್ನು ಸಿನಿಮಾ ಗೆಳೆಯರಿಗಿಂತ ಮೊದಲು ಕಸುಬಿನವರಿಗೆ ತೋರಿಸಿ. ಒಬ್ಬ ಹಮಾಲ, ಒಬ್ಬ ರೈತ, ತೊಟ್ಟು ಬಿಡಿಸುವ ಒಬ್ಬಾಕೆ. ಅವರಿಗೆ ಚಿತ್ರವನ್ನು ಬದಲಾಯಿಸುವ ಅಧಿಕಾರ ಕೊಡಬೇಕೇ ಅನ್ನುವುದು ಬೇರೆ ಚರ್ಚೆ. ನನ್ನ ಮಟ್ಟಿಗೆ, ತಮ್ಮ ಮಾತಿನ ಅರ್ಥ ತಿರುಗಿದೆ ಅಂದರೆ ತಿದ್ದಲೇಬೇಕು, ತಾವು ಚೆಂದ ಕಾಣುತ್ತಿಲ್ಲ ಅಂದರೆ ತಿದ್ದಬೇಕಿಲ್ಲ. ‘ಇದು ತೂಕ ಆದಮೇಲೆ ಬರಬೇಕಲ್ರಿ, ಮೊದಲ ಯಾಕ ಹಾಕೀರಿ?’ ಅನ್ನುವಂಥ ಪ್ರಶ್ನೆ ಅವರಿಂದಲೇ ಬರುವುದು. ಪಿಕ್ಚರ್ ಲಾಕ್ ಆದಮೇಲೆ, ಅಂದರೆ ಇನ್ನು ಕತ್ತರಿ ಹಾಕುವುದಿಲ್ಲ ಅಂತಾದಮೇಲೆ, ತೋರಿಸಿದರೆ ಬರೀ ಚಹಾ ಕುಡಿದು ಹೋಗುತ್ತಾರೆ.

ಕೊನೆಯದಾಗಿ ಅಸಲು ಫುಟೇಜು. ಚಿತ್ರ ಬಿಡುಗಡೆಯಾದ ಮೇಲೆ ಕಾರ್ಡು ಅಳಿಸಿ ಮುಂದಿನ ಮದುವೆಗೆ ಬಳಸುವವರೇ ಹೆಚ್ಚು. ಎರಡು ಹಾರ್ಡ್‌ಡಿಸ್ಕಿನಲ್ಲಿ ನಕಲು ಮಾಡಿ, ಎರಡನ್ನೂ ಬೇರೆ ಬೇರೆ ಮನೆಯಲ್ಲಿಡಿ, ವರ್ಷಕ್ಕೊಮ್ಮೆ ಹಚ್ಚಿ ನೋಡಿ. ಲಾಗಿನ ಒಂದು ಪ್ರತಿ ಕಾಗದದ ಮೇಲೂ ಇರಲಿ. ‘ದ ಥಿನ್ ಬ್ಲೂ ಲೈನ್’ ಚಿತ್ರದ ಕೊನೆಯ ಸಂದರ್ಶನದ ದಿನ ಮಾರಿಸನ ಕ್ಯಾಮೆರಾ ಕೆಟ್ಟಿತ್ತು. ಉಳಿದದ್ದು ಸಣ್ಣ ಟೇಪ್ ರೆಕಾರ್ಡರಿನಲ್ಲಿ ಹಿಡಿದ ದನಿ ಮಾತ್ರ. ಅವನು ಅದರ ಮೇಲೆ ಯಾವ ಕಟ್‌ಅವೇಯನ್ನೂ ಹೊದಿಸಲಿಲ್ಲ. ತೆರೆಯ ಮೇಲೆ ಆ ರೆಕಾರ್ಡರನ್ನೇ ಇಟ್ಟ. ಟೇಪು ತಿರುಗುತ್ತಿರುತ್ತದೆ, ಸಂದರ್ಶನ ಕೊಟ್ಟ ಮನುಷ್ಯ ಮಾತಾಡುತ್ತಿರುತ್ತಾನೆ.